ಗಂಜಿ, ಮಿಡಿ ಉಪ್ಪಿನಕಾಯಿ, ಜಿಂಕ್ ಮಾತ್ರೆ: ಕುಡಿತದಿಂದ ಸೋತ ಲಿವರ್‌ಗೆ ಏನು ಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 54 ವರ್ಷ. ಇಪ್ಪತ್ತು ವರ್ಷದಿಂದ ದಿನಾ ಸಂಜೆ ಒಂದು ಕ್ವಾರ್ಟರ್, ಅಡಿಕೆ ಕೊಯ್ಲಿನ ದಿನಗಳಲ್ಲಿ ಇನ್ನೂ ಜಾಸ್ತಿ. ಈ ಮಳೆಗಾಲದಲ್ಲಿ ಕಾಲು ಊದಿ, ಹೊಟ್ಟೆ ಉಬ್ಬಿತು. ಶಿವಮೊಗ್ಗದಲ್ಲಿ ತೋರಿಸಿದಾಗ ಸಿರೋಸಿಸ್, ಹೊಟ್ಟೆಯಲ್ಲಿ ನೀರು ತುಂಬಿದೆ ಅಂದರು. ಅಲ್ಬುಮಿನ್ 2.7, ಪ್ಲೇಟ್‌ಲೆಟ್ 92,000. ನೀರು ಇಳಿಯಲು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೊಟ್ಟಿದ್ದಾರೆ. ಎರಡು ತಿಂಗಳಿಂದ ಅಪ್ಪ ಕುಡಿದಿಲ್ಲ. ಆದರೆ ಊಟ ರುಚಿಸುವುದಿಲ್ಲ, ಮುಖ ಬಿಳಚಿಕೊಂಡಿದೆ, ರಾತ್ರಿ ಮೀನಖಂಡ ಹಿಡಿದುಕೊಂಡು ಕೂಗಿಕೊಳ್ಳುತ್ತಾರೆ. ಮೀನು, ಏಡಿ, ಮೊಟ್ಟೆ ಎಲ್ಲ ನಂಜು ಅಂತ ಅಜ್ಜಿ ನಿಲ್ಲಿಸಿದ್ದಾರೆ. ಮೂರು ಹೊತ್ತೂ ಗಂಜಿ, ಜೊತೆಗೆ ಮಿಡಿ ಉಪ್ಪಿನಕಾಯಿ. ತೋಟದಿಂದ ದಿನಕ್ಕೆ ಎರಡು ಎಳನೀರು. ಬೆಂಗಳೂರಿನಿಂದ ಭಾವ ಜಿಂಕ್, ಮೆಗ್ನೀಷಿಯಂ, ಪ್ರೋಬಯಾಟಿಕ್ ಕ್ಯಾಪ್ಸೂಲ್ ಮತ್ತು ಐರನ್ ಟಾನಿಕ್ ತಂದುಕೊಟ್ಟು, "ಕರುಳು ಸರಿಯಾದರೆ ಲಿವರ್ ತಾನಾಗಿ ಸರಿಹೋಗುತ್ತೆ" ಅಂದಿದ್ದಾರೆ. ಯಾವುದನ್ನು ಕೊಡಲಿ, ಯಾವುದನ್ನು ಬಿಡಲಿ?

ಉತ್ತರ: ಐರನ್ ಟಾನಿಕ್ ಇವತ್ತೇ ನಿಲ್ಲಿಸಿ. ಎಳನೀರು ಮತ್ತು ಮಿಡಿ ಉಪ್ಪಿನಕಾಯಿ ಕೂಡ. ಮೊಟ್ಟೆ, ಮೀನು, ಕಾಳು ಇವತ್ತೇ ಶುರು ಮಾಡಿ. ಜಿಂಕ್ ಮತ್ತು ಮೆಗ್ನೀಷಿಯಂ ಡಬ್ಬಿಗಳನ್ನು ಎಸೆಯಬೇಡಿ, ಆದರೆ ತೆರೆಯುವ ಮುಂಚೆ ರಕ್ತ ಪರೀಕ್ಷೆ ಆಗಲಿ. ಪ್ರೋಬಯಾಟಿಕ್ ಕೊಟ್ಟರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂಬುದನ್ನು ಇನ್ನು ವಿವರವಾಗಿ ಬರೆಯುತ್ತೇನೆ. ಕಾರಣ ಗೊತ್ತಿದ್ದರೆ ಅಜ್ಜಿಗೂ ಭಾವನಿಗೂ ನೀವೇ ತಿಳಿಸಿ ಹೇಳಬಹುದು.

ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಕುಡಿತದಿಂದ ಲಿವರ್ ಹಾಳಾಗುವ ಕಥೆ ಲಿವರ್‌ನಲ್ಲಷ್ಟೇ ನಡೆಯುವುದಿಲ್ಲ, ದೊಡ್ಡ ಪಾಲು ಕರುಳಿನಲ್ಲಿ ನಡೆಯುತ್ತದೆ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ನೇರವಾಗಿ ಕರುಳಿನ ಕಡೆಯಿಂದಲೇ, ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ಕರುಳಿನಲ್ಲಿ ಏನು ಸೋರಿದರೂ ಅದರ ಮೊದಲ ನಿಲ್ದಾಣ ಲಿವರ್.

ಕರುಳಿನ ಒಳಪದರ ಒಂದೇ ಒಂದು ಸಾಲು ಜೀವಕೋಶಗಳದ್ದು. ನಾಲ್ಕೈದು ದಿನಕ್ಕೊಮ್ಮೆ ಹಳೆಯವು ಉದುರಿ ಹೊಸವು ಬರುತ್ತವೆ. ಪಕ್ಕಪಕ್ಕದ ಕೋಶಗಳನ್ನು ಆಕ್ಲುಡಿನ್, ಕ್ಲಾಡಿನ್ ಎಂಬ ಪ್ರೋಟೀನುಗಳು ಬಿಗಿಯಾಗಿ ಹೆಣೆದಿರುತ್ತವೆ. ತೋಟದ ಬೇಲಿ ಇದ್ದ ಹಾಗೆ: ನೀರು, ಗಾಳಿ ದಾಟಬೇಕು, ದನ ದಾಟಬಾರದು. ಮದ್ಯ ಕರುಳಿಗೆ ಇಳಿದಾಗ ಅಲ್ಲಿನ ಕೋಶಗಳೂ ಬ್ಯಾಕ್ಟೀರಿಯಾಗಳೂ ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತವೆ. ಆ ವಿಷ ಈ ಹೆಣಿಗೆಯನ್ನು ಸಡಿಲ ಮಾಡುತ್ತದೆ. ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು, ಅಂದರೆ ಎಂಡೋಟಾಕ್ಸಿನ್, ಆ ಸಂದಿಯಲ್ಲಿ ನುಸುಳಿ ಪೋರ್ಟಲ್ ರಕ್ತಕ್ಕೆ ಸೇರಿ ಲಿವರ್ ತಲುಪುತ್ತವೆ. ಅಲ್ಲಿ ಕಾವಲಿಗಿರುವ ಕುಪ್ಫರ್ ಕೋಶಗಳು ಸೋಂಕು ಬಂತೆಂದು ಉರಿಯೂತ ಎಬ್ಬಿಸುತ್ತವೆ. ದಿನಾ ಸಂಜೆ ಹೀಗೇ ಆದರೆ ಉರಿಯೂತ ಆರುವುದೇ ಇಲ್ಲ. ಅದರ ಬೆನ್ನಿಗೆ ಲಿವರ್‌ನ ಸ್ಟೆಲೇಟ್ ಕೋಶಗಳು ಗಾಯದ ನಾರನ್ನು ನೇಯಲು ತೊಡಗುತ್ತವೆ. ವರ್ಷಗಟ್ಟಲೆ ಹೀಗೆ ನೇಯ್ದ ನಾರೇ ಸಿರೋಸಿಸ್.

ಸಿರೋಸಿಸ್ ಆದಮೇಲೆ ಕಥೆ ತಿರುಗುಮುರುಗಾಗುತ್ತದೆ. ಲಿವರ್ ಗಟ್ಟಿಯಾಗಿ ರಕ್ತ ಸರಾಗವಾಗಿ ಹರಿಯದೆ ಕರುಳಿನ ಗೋಡೆಯಲ್ಲೇ ಕಟ್ಟಿಕೊಳ್ಳುತ್ತದೆ. ಪಿತ್ತರಸ ಕಡಿಮೆಯಾಗುತ್ತದೆ, ಕರುಳಿನ ಚಲನೆ ನಿಧಾನವಾಗುತ್ತದೆ, ಬ್ಯಾಕ್ಟೀರಿಯಾಗಳು ಇರಬಾರದ ಕಡೆ ಬೆಳೆಯುತ್ತವೆ. ಈಗ ಲಿವರ್ ಕರುಳನ್ನು ಕೆಡಿಸುತ್ತದೆ, ಕರುಳು ಲಿವರನ್ನು. ಆದ್ದರಿಂದ ಭಾವನ ಮಾತಿಗೆ ಒಂದು ತಿದ್ದುಪಡಿ ಬೇಕು: ಈ ಹಂತದಲ್ಲಿ ಕರುಳನ್ನು ಮಾತ್ರ ಸರಿಮಾಡಿ ಲಿವರ್ ಸರಿಪಡಿಸಲು ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಸುಧಾರಿಸುವ ಕೆಲಸ ನಿಮ್ಮಪ್ಪ ಎರಡು ತಿಂಗಳ ಹಿಂದೆಯೇ ಶುರು ಮಾಡಿದ್ದಾರೆ: ಕುಡಿತ ಬಿಟ್ಟಿದ್ದು. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೂ ಪೂರ್ತಿ ಬಿಟ್ಟವರಲ್ಲಿ ನೀರು ಇಳಿದು, ಅಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೋಟೀನ್) ಏರಿ, ಮಾತ್ರೆ ಕಡಿಮೆ ಮಾಡಿದವರನ್ನು ನಾವು ವೈದ್ಯರು ನೋಡುತ್ತಲೇ ಇರುತ್ತೇವೆ. ಯಾವ ಖನಿಜದ ಮಾತ್ರೆಗೂ ಆ ಶಕ್ತಿ ಇಲ್ಲ.

ಕ್ವಾರ್ಟರ್ ಅಂದಿರಲ್ಲ, ಅದರ ಲೆಕ್ಕ ಮನೆಯವರಿಗೆ ತಿಳಿದಿರುವುದು ಒಳ್ಳೆಯದು. 180 ಮಿಲಿ ವಿಸ್ಕಿಯಲ್ಲಿ ಶೇ 42.8ರಷ್ಟು ಮದ್ಯಸಾರ, ತೂಕದಲ್ಲಿ ಸುಮಾರು 60 ಗ್ರಾಂ. ಗ್ರಾಂಗೆ 7 ಕ್ಯಾಲೊರಿಯಂತೆ 400ಕ್ಕೂ ಹೆಚ್ಚು ಕ್ಯಾಲೊರಿ. ಹೊಟ್ಟೆ ತುಂಬಿದ ಹಾಗಾಗುತ್ತದೆ, ಅನ್ನ ಬೇಡವಾಗುತ್ತದೆ. ಆದರೆ ಅದರಲ್ಲಿ ಪ್ರೋಟೀನೂ ಇಲ್ಲ, ಸತುವೂ (ಅಂದರೆ ಜಿಂಕ್) ಇಲ್ಲ, ಮೆಗ್ನೀಷಿಯಮ್ಮೂ ಇಲ್ಲ. ಇದ್ದದ್ದನ್ನೂ ಮೂತ್ರದಲ್ಲಿ ಹೊರಹಾಕಿಸುತ್ತದೆ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಆಮೇಲೆ ಪ್ಯಾಕೆಟ್ ಬದಲಾಯಿತು, ಲಿವರ್‌ಗೆ ಬೀಳುವ ಲೆಕ್ಕ ಬದಲಾಗಲಿಲ್ಲ.

ಈಗ ಗಂಜಿಯ ವಿಷಯ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಅತ್ಯಂತ ಗಾಬರಿಯ ಸಂಗತಿ ಇದೇ. ಅಜ್ಜಿಯನ್ನು ದೂರುತ್ತಿಲ್ಲ. ಮಲೆನಾಡಿನ ಕಡೆ ಕಾಮಾಲೆ ಅಂದರೆ ಹೆಚ್ಚಾಗಿ ನೀರಿನಿಂದ ಬರುವ ವೈರಸ್ ಕಾಮಾಲೆ. ಅದು ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ವಾಂತಿ, ವಾಕರಿಕೆಯ ಆ ದಿನಗಳಲ್ಲಿ ಗಂಜಿ ಹಿತವಾಗುತ್ತಿತ್ತು, ಪಥ್ಯದಿಂದಲೇ ವಾಸಿಯಾಯಿತು ಎಂಬ ನಂಬಿಕೆ ಉಳಿಯಿತು. ಸಿರೋಸಿಸ್ ಹಾಗಲ್ಲ. ಇಲ್ಲಿ ತಿಂಗಳುಗಟ್ಟಲೆ ಗಂಜಿ ಅಂದರೆ ತಿಂಗಳುಗಟ್ಟಲೆ ಉಪವಾಸ.

ಲೆಕ್ಕ ಹಾಕಿ ನೋಡಿ. ಒಂದು ಹೊತ್ತಿನ ಗಂಜಿಗೆ 50 ಗ್ರಾಂ ಅಕ್ಕಿ ಅಂದುಕೊಂಡರೆ ದಿನಕ್ಕೆ 150 ಗ್ರಾಂ. ಅದರಿಂದ ಸಿಗುವುದು ಹತ್ತು-ಹನ್ನೊಂದು ಗ್ರಾಂ ಪ್ರೋಟೀನ್, 500 ಚಿಲ್ಲರೆ ಕ್ಯಾಲೊರಿ, ಹೆಚ್ಚೆಂದರೆ ಎರಡು ಮಿಲಿಗ್ರಾಂ ಸತು. ಊತ ಬರುವ ಮೊದಲು ಅಪ್ಪನ ತೂಕ 55 ಕೆಜಿ ಇತ್ತು ಅನ್ನೋಣ. ಸಿರೋಸಿಸ್ ಇರುವವರಿಗೆ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ ದಿನಕ್ಕೆ 66ರಿಂದ 82 ಗ್ರಾಂ. ಕ್ಯಾಲೊರಿ ಕೆಜಿಗೆ 35ರಂತೆ 1,900 ದಾಟಬೇಕು. ಸತು, ಆರೋಗ್ಯವಂತ ಗಂಡಸಿಗೇ ದಿನಕ್ಕೆ 17 ಮಿಲಿಗ್ರಾಂ ಬೇಕೆಂದು ಐಸಿಎಂಆರ್ 2020ರಲ್ಲಿ ನಿಗದಿ ಮಾಡಿದೆ. ಬೇಕಾದ್ದಕ್ಕೂ ಬಟ್ಟಲಿಗೆ ಬೀಳುತ್ತಿರುವುದಕ್ಕೂ ಇಷ್ಟು ಅಂತರ ಇರುವಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಅಪ್ಪನ ತೋಳು, ಕಣ್ಣಿನ ಪಕ್ಕದ ಕಣತಲೆ ನೋಡಿ, ಗುಳಿ ಬಿದ್ದಿರಬಹುದು. ಹೊಟ್ಟೆಯ ನೀರಿನ ತೂಕ ಅದನ್ನು ಮರೆಮಾಡುತ್ತದೆ.

ಪ್ರೋಟೀನ್ ಕೊಟ್ಟರೆ ತಲೆಗೆ ಅಮೋನಿಯಾ ಏರಿ ಮಂಪರು ಬರುತ್ತದೆ ಎಂಬ ಭಯ ಹಿಂದೆ ವೈದ್ಯರಲ್ಲೂ ಇತ್ತು. ಈಗ ಆ ಮಾತು ಬಿಟ್ಟುಹೋಗಿದೆ. ಅಮೋನಿಯಾವನ್ನು ಸುಮ್ಮನಾಗಿಸುವ ಕೆಲಸದಲ್ಲಿ ಲಿವರ್ ಸೋತಾಗ ಕೈಹಿಡಿಯುವುದು ಮಾಂಸಖಂಡ. ಅದನ್ನು ಸೊರಗಿಸಿದರೆ ಮಂಪರು ಬೇಗ ಬರುತ್ತದೆ.

ಇನ್ನು ಸತು. ಕುಡಿತದ ಲಿವರ್ ಕಾಯಿಲೆಯಲ್ಲಿ ಬಹಳ ಸಾಮಾನ್ಯವಾಗಿ ಕೊರತೆಯಾಗುವ ಖನಿಜ ಇದು. ಊಟದಲ್ಲಿ ಕಡಿಮೆ, ಕರುಳು ಹೀರುವುದು ಕಡಿಮೆ, ಮೂತ್ರದಲ್ಲಿ ಹೋಗುವುದು ಹೆಚ್ಚು. ಮೂರೂ ಕಡೆಯಿಂದ ನಷ್ಟ. ಊಟ ರುಚಿಸುವುದಿಲ್ಲ ಅಂದಿರಲ್ಲ, ನಾಲಿಗೆಯ ರುಚಿ ಸತ್ತುಹೋಗುವುದಕ್ಕೆ ಸತುವಿನ ಕೊರತೆ ಒಂದು ಕಾರಣ ಆಗಿರಬಹುದು. ಮುಸ್ಸಂಜೆಯಲ್ಲಿ ಕಣ್ಣು ಮಂಜಾಗುವುದು, ಚರ್ಮ ಸಿಪ್ಪೆ ಏಳುವುದು, ಗಾಯ ಬೇಗ ಮಾಯದಿರುವುದು ಇವೂ ಅದರ ಸೂಚನೆಗಳೇ. ಕಣ್ಣಿಗೂ ಸತುವಿಗೂ ಏನು ಸಂಬಂಧ ಅನ್ನಿಸಬಹುದು. ಎ ಜೀವಸತ್ವವನ್ನು ಲಿವರ್‌ನಿಂದ ಹೊರತಂದು ಕಣ್ಣಿನಲ್ಲಿ ಕೆಲಸಕ್ಕೆ ಹಚ್ಚಲು ಸತು ಬೇಕು.

ಕರುಳಿನ ಬೇಲಿಗೂ ಸತು ಬೇಕೇ ಬೇಕು. ಪ್ರಯೋಗಾಲಯದಲ್ಲಿ ಸತು ಕಡಿಮೆ ಮಾಡಿದ ಕರುಳಿನ ಕೋಶಗಳಲ್ಲಿ ಹೆಣಿಗೆ ಸಡಿಲಾಗಿದ್ದು, ಮದ್ಯ ಕೊಟ್ಟ ಇಲಿಗಳಲ್ಲಿ ಸತು ಸೇರಿಸಿದಾಗ ಸೋರಿಕೆ ಕಡಿಮೆಯಾಗಿದ್ದು ದಾಖಲಾಗಿದೆ. ಅಮೋನಿಯಾವನ್ನು ಯೂರಿಯಾ ಮಾಡುವ ಲಿವರ್‌ನ ಕೆಲಸಕ್ಕೂ ಸತು ಬೇಕು. ಅದಕ್ಕೇ ಮಂಪರು ಬರುವ ರೋಗಿಗಳಲ್ಲಿ ಸತುವನ್ನು ಬಹಳ ಕಾಲದಿಂದ ಪರೀಕ್ಷಿಸುತ್ತಾ ಬಂದಿದ್ದಾರೆ, ಕೆಲವರಿಗೆ ಉಪಯೋಗ ಆಗಿದೆ. ಆದರೆ ಜಿಂಕ್ ಮಾತ್ರೆ ತಿಂದು ಸಿರೋಸಿಸ್ ವಾಸಿಯಾಯಿತು ಎಂದು ತೋರಿಸಿದ ಯಾವ ಪ್ರಯೋಗವೂ ಇಲ್ಲ. ಮಾರಾಟದ ವಿಡಿಯೋಗಳು ಇಲಿಯಿಂದ ನೇರ ಮನುಷ್ಯನಿಗೆ ಜಿಗಿಯುತ್ತವೆ. ಆ ಜಿಗಿತವನ್ನು ನೀವು ನಂಬಬೇಡಿ.

ರಕ್ತದಲ್ಲಿ ಸತುವಿನ ಮಟ್ಟ ನೋಡಬಹುದು. ಆದರೆ ಸತು ರಕ್ತದಲ್ಲಿ ಓಡಾಡುವುದು ಬಹುಪಾಲು ಅಲ್ಬುಮಿನ್ ಹೆಗಲ ಮೇಲೆ. ಅಪ್ಪನ ಅಲ್ಬುಮಿನ್ 2.7 ಇರುವಾಗ ಸತುವಿನ ಅಂಕಿಯೂ ಕಡಿಮೆಯೇ ಬರುತ್ತದೆ. ಹಾಗಾಗಿ ಅಂಕಿಯ ಜೊತೆಗೆ ರುಚಿ, ಚರ್ಮ, ಊಟದ ಚರಿತ್ರೆ ನೋಡಿಯೇ ವೈದ್ಯರು ತೀರ್ಮಾನಿಸುತ್ತಾರೆ. ನಿಮ್ಮಪ್ಪನ ವಿಷಯದಲ್ಲಿ ಬಹುಶಃ ಕೊಡೋಣ ಅಂತಲೇ ಹೇಳಬಹುದು. ಕೊಟ್ಟರೆ ಊಟದ ಜೊತೆ ಕೊಡಿ, ಖಾಲಿ ಹೊಟ್ಟೆಗೆ ವಾಕರಿಕೆ ತರಿಸುತ್ತದೆ. ಡಬ್ಬಿಯ ಮೇಲಿನ ಅಂಕಿಯನ್ನು ಸರಿಯಾಗಿ ಓದಿ. ಜಿಂಕ್ ಸಲ್ಫೇಟ್ 220 ಮಿಲಿಗ್ರಾಂ ಎಂದಿದ್ದರೆ ಅದರಲ್ಲಿ ನಿಜವಾದ ಸತು 50 ಮಿಲಿಗ್ರಾಂ. ಎಷ್ಟು ದಿನ ಎಂಬುದನ್ನೂ ಕೇಳಿಕೊಂಡು ಬನ್ನಿ. ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ತಾಮ್ರದ ಕೊರತೆಯಾಗಿ ರಕ್ತಹೀನತೆ, ನಡಿಗೆಯಲ್ಲಿ ತೂರಾಟ ಬರಬಹುದು.

ಇನ್ನೊಂದು ಎಚ್ಚರಿಕೆ, ಇದನ್ನು ಔಷಧಿ ಅಂಗಡಿಯಲ್ಲಿ ಹೇಳುವವರು ಕಡಿಮೆ. ಹೊಟ್ಟೆಯ ನೀರಿಗೆ ಸೋಂಕು ಬರದಿರಲಿ ಎಂದು ಕೆಲವರಿಗೆ ನಾರ್‌ಫ್ಲಾಕ್ಸಾಸಿನ್ ಅಥವಾ ಸಿಪ್ರೊಫ್ಲಾಕ್ಸಾಸಿನ್ ಕೊಡುತ್ತೇವೆ. ಸತು, ಮೆಗ್ನೀಷಿಯಂ, ಕ್ಯಾಲ್ಸಿಯಂ, ಕಬ್ಬಿಣ ಯಾವುದೇ ಆಗಲಿ, ಅದರ ಜೊತೆ ನುಂಗಿದರೆ ಹೊಟ್ಟೆಯಲ್ಲೇ ಅಂಟಿಕೊಂಡು ಔಷಧಿ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾಗುತ್ತದೆ. ಗ್ಯಾಸಿನ ಔಷಧಿಯ ಬಿಳಿ ದ್ರಾವಣವೂ ಹೀಗೆಯೇ ಮಾಡುತ್ತದೆ. ಅಂಥ ಮಾತ್ರೆ ಮುಂದೆ ಬರೆದುಕೊಟ್ಟರೆ ಎರಡಕ್ಕೂ ಹಲವು ಗಂಟೆಗಳ ಅಂತರ ಇಡಿ.

ಮೀನಖಂಡ ಹಿಡಿಯುವುದು ಮೆಗ್ನೀಷಿಯಂ ಕೊರತೆಯಿಂದಲೇ ಇರಬಹುದು. ಮದ್ಯ ಮೂತ್ರಪಿಂಡದಿಂದ ಮೆಗ್ನೀಷಿಯಂ ಸೋರಿಸುತ್ತದೆ. ಫ್ಯುರೊಸೆಮೈಡ್‌ನಂಥ ನೀರಿನ ಮಾತ್ರೆ, ಹೊಟ್ಟೆಯ ಆಮ್ಲ ತಗ್ಗಿಸಲು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್ ಮಾತ್ರೆ ಅದಕ್ಕೆ ಸೇರಿಕೊಳ್ಳುತ್ತವೆ. ಮೆಗ್ನೀಷಿಯಂ ಕಡಿಮೆ ಇದ್ದರೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ. ಬಿ1 ಜೀವಸತ್ವ ಕೂಡ ಮೆಗ್ನೀಷಿಯಂ ಇಲ್ಲದೆ ಕೆಲಸ ಮಾಡುವುದಿಲ್ಲ. ಆದರೆ ಸಿರೋಸಿಸ್‌ನಲ್ಲಿ ಸೆಳೆತಕ್ಕೆ ಖನಿಜವೊಂದೇ ಕಾರಣವಲ್ಲ, ನೀರಿನ ಮಾತ್ರೆಯ ಪ್ರಮಾಣ ಹೆಚ್ಚಾದಾಗಲೂ ಬರುತ್ತದೆ. ಹಾಗಾಗಿ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ, ರಂಜಕ ಇಷ್ಟನ್ನು ಒಂದೇ ಬಾರಿ ಮಾಡಿಸಿ. ದೇಹದ ಮೆಗ್ನೀಷಿಯಂನಲ್ಲಿ ರಕ್ತದಲ್ಲಿರುವುದು ಶೇ 1 ಮಾತ್ರ, ಉಳಿದದ್ದು ಮೂಳೆ, ಮಾಂಸದಲ್ಲಿ. ಆದ್ದರಿಂದ ಅಂಕಿ ಕೆಳಗಿನ ಗಡಿಯಲ್ಲಿದ್ದರೂ ಕೊರತೆ ಇರಬಹುದು. ಮೂತ್ರಪಿಂಡ ಕುಂದಿದ್ದರೆ ಅದೇ ಮಾತ್ರೆ ರಕ್ತದಲ್ಲಿ ಶೇಖರವಾಗಿ ಅಪಾಯ ತರುತ್ತದೆ. ಮೆಗ್ನೀಷಿಯಂ ಆಕ್ಸೈಡ್ ಮಾತ್ರೆಯಿಂದ ಭೇದಿಯಾಗಿ ನೀರು ಕಳೆದುಕೊಂಡರೆ ಅದೂ ಕೆಟ್ಟದ್ದೇ. ಭಾವ ತಂದ ಡಬ್ಬಿಯನ್ನು ಪರೀಕ್ಷೆ ಇಲ್ಲದೆ ತೆರೆಯಬೇಡಿ ಅಂದದ್ದು ಇದಕ್ಕೇ.

ಎಳನೀರು ಯಾಕೆ ಬೇಡ? ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಹಿಡಿದಿಡುವ ಮಾತ್ರೆ. ಎಳನೀರಿನ ಪ್ರತಿ 100 ಮಿಲಿಯಲ್ಲಿ 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ. ಎರಡು ಕಾಯಿ ಕುಡಿದರೆ ಒಂದು ಗ್ರಾಂ ದಾಟುತ್ತದೆ. ಮೂತ್ರಪಿಂಡ ಸ್ವಲ್ಪ ಹಿಂದೆ ಬಿದ್ದರೂ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಏರುಪೇರಾಗುತ್ತದೆ. ತೋಟದ ಎಳನೀರಿನಷ್ಟು ನಿರಪಾಯದ್ದು ಇನ್ನೇನಿದೆ ಅಂತ ನಾವೆಲ್ಲ ಬೆಳೆದವರು, ನಿಲ್ಲಿಸಿ ಎಂದರೆ ಕಷ್ಟವೇ. ಪೊಟ್ಯಾಸಿಯಂ ವರದಿ ನೋಡಿದ ಮೇಲೆ ವೈದ್ಯರು ಒಪ್ಪಿದರೆ ಕೊಡಿ. 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಈ ಮಾತ್ರೆ ನುಂಗುವವರಿಗೆ ಅದು ಸಲ್ಲದು.

ಉಪ್ಪಿನ ಲೆಕ್ಕ: ಹೊಟ್ಟೆಯಲ್ಲಿ ನೀರಿದ್ದವರಿಗೆ ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚ. ಅಪ್ಪೆಮಿಡಿಯನ್ನು ಉಪ್ಪಿನಲ್ಲೇ ಬಾಡಿಸಿ, ಉಪ್ಪು ನೀರಲ್ಲೇ ಇಟ್ಟು ಮಾಡುವುದು ನಿಮಗೇ ಗೊತ್ತು. ಗಂಜಿಗೆ ನೆಂಚಿಕೊಳ್ಳುವ ಒಂದು ಮಿಡಿ ಮತ್ತು ಅದರ ರಸದಲ್ಲೇ ದಿನದ ಉಪ್ಪಿನ ದೊಡ್ಡ ಪಾಲು ಖರ್ಚಾಗುತ್ತದೆ. ಮೂರು ಹೊತ್ತೂ ಹಾಗೆ ತಿಂದರೆ ಸ್ಪೈರೊನೊಲ್ಯಾಕ್ಟೋನ್ ಇಳಿಸಿದ ನೀರನ್ನು ಉಪ್ಪಿನಕಾಯಿ ಮತ್ತೆ ತುಂಬಿಸುತ್ತದೆ. ಹಪ್ಪಳ, ಬಾಳಕದ ಮೆಣಸು, ಒಣಮೀನು ಇವೂ ಅದೇ ಸಾಲು. ಸಾರು ಇಳಿಸುವ ಮುಂಚೆ ಅಪ್ಪನ ಪಾಲನ್ನು ಬೇರೆ ತೆಗೆದು ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕಿ. ವಾಟೆಹುಳಿ, ನಿಂಬೆ, ಜೀರಿಗೆ, ಕಾಳುಮೆಣಸು ಧಾರಾಳವಾಗಿ ಬಳಸಿ. ಆದರೆ ಒಂದು ಮಾತು. ಉಪ್ಪು ಪೂರಾ ತೆಗೆದು, ಅವರು ಬಟ್ಟಲನ್ನೇ ದೂಡುವ ಹಾಗೆ ಮಾಡಬೇಡಿ. ಊಟ ಕಡಿಮೆಯಾದರೆ ಆಗುವ ನಷ್ಟ ಇನ್ನೂ ದೊಡ್ಡದು.

ಐರನ್ ಟಾನಿಕ್ ಮೊದಲೇ ನಿಲ್ಲಿಸಲು ಹೇಳಿದ್ದಕ್ಕೆ ಎರಡು ಕಾರಣ. ಊಟದಿಂದ ಎಷ್ಟು ಕಬ್ಬಿಣ ಹೀರಬೇಕೆಂದು ಕರುಳಿಗೆ ತಾಕೀತು ಮಾಡುವ ಹೆಪ್ಸಿಡಿನ್ ಎಂಬ ಹಾರ್ಮೋನು ತಯಾರಾಗುವುದು ಲಿವರ್‌ನಲ್ಲಿ. ಮದ್ಯ ಅದನ್ನು ಕುಗ್ಗಿಸುತ್ತದೆ, ಕರುಳು ಅಗತ್ಯಕ್ಕಿಂತ ಹೆಚ್ಚು ಕಬ್ಬಿಣ ಹೀರುತ್ತದೆ, ಅದು ಲಿವರ್‌ನಲ್ಲೇ ಕೂತು ಕೋಶಗಳನ್ನು ಸುಡುತ್ತದೆ. ವರ್ಷಗಟ್ಟಲೆ ಕುಡಿದವರಲ್ಲಿ ಫೆರಿಟಿನ್ (ಕಬ್ಬಿಣದ ದಾಸ್ತಾನು ತೋರಿಸುವ ರಕ್ತ ಪರೀಕ್ಷೆ) ಹೆಚ್ಚಿರುವುದು ಸಾಮಾನ್ಯ. ಮುಖ ಬಿಳಚಿಕೊಂಡಿದೆ ಅಂದರೆ ಕಬ್ಬಿಣವೇ ಕಡಿಮೆ ಎಂದಲ್ಲ, ಫೋಲಿಕ್ ಆಮ್ಲದ ಕೊರತೆಯೋ ಬೇರೆ ಏನೋ ಇರಬಹುದು. ಎರಡನೆಯ ಕಾರಣ ಇನ್ನೂ ಮುಖ್ಯ. ಪ್ಲೇಟ್‌ಲೆಟ್ 92,000ಕ್ಕೆ ಇಳಿದಿದೆ, ಹೊಟ್ಟೆಯಲ್ಲಿ ನೀರಿದೆ ಅಂದರೆ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿರುವ ಸಾಧ್ಯತೆ ಇದೆ. ಅವು ಒಸರಿದರೆ ಮಲ ಟಾರಿನಂತೆ ಕಪ್ಪಾಗುತ್ತದೆ. ಕಬ್ಬಿಣದ ಟಾನಿಕ್ ಕುಡಿದರೂ ಮಲ ಕಪ್ಪಾಗುತ್ತದೆ. ಟಾನಿಕ್‌ನಿಂದ ಅಂತ ನೀವು ಸುಮ್ಮನಿದ್ದ ದಿನವೇ ರಕ್ತ ಹೋಗುತ್ತಿರಬಹುದು. ಎಂಡೋಸ್ಕೋಪಿ ಆಗಿಲ್ಲದಿದ್ದರೆ ಮಾಡಿಸಿ. ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ನೋಡಿ ನಿಜಕ್ಕೂ ಕಬ್ಬಿಣ ಕಡಿಮೆ ಎಂದು ಗೊತ್ತಾದರೆ ಮಾತ್ರ, ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡುವುದು.

ಸೆಲೆನಿಯಂ ಬಗ್ಗೆಯೂ ಭಾವ ನಾಳೆ ಕೇಳಬಹುದು. ಮೀನು, ಮೊಟ್ಟೆ ತಿಂದರೆ ಸಿಗುತ್ತದೆ, ಮಾತ್ರೆ ಬೇಡ. ಮೂಳೆಗೆ ಕ್ಯಾಲ್ಸಿಯಂ, ಡಿ ಜೀವಸತ್ವ ಬೇಕಾಗಬಹುದು, ಅವಸರ ಇಲ್ಲ.

ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಈಚೆಗೆ ನಡೆದ ಕೆಲಸ ನಿಜಕ್ಕೂ ಕುತೂಹಲ ಹುಟ್ಟಿಸುವಂಥದ್ದು. ಎಂಟೆರೊಕಾಕಸ್ ಫೀಕ್ಯಾಲಿಸ್ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ ಸೈಟೊಲೈಸಿನ್ ಎಂಬ ವಿಷ ಉಗುಳುತ್ತದೆ, ಮದ್ಯದಿಂದ ಲಿವರ್ ಉರಿಯೂತ ಆದ ರೋಗಿಗಳಲ್ಲಿ ಆ ಬಗೆ ಇದ್ದವರ ಸ್ಥಿತಿ ಹೆಚ್ಚು ಗಂಭೀರ ಎಂದು 2019ರಲ್ಲಿ ಗೊತ್ತಾಯಿತು. ನಮ್ಮ ದೇಶದಲ್ಲೇ, ದೆಹಲಿಯ ಲಿವರ್ ಮತ್ತು ಪಿತ್ತ ವಿಜ್ಞಾನ ಸಂಸ್ಥೆಯ ವೈದ್ಯರು ಸ್ಟೀರಾಯ್ಡ್ ಕೊಡಲಾಗದ ತೀವ್ರ ಉರಿಯೂತದ ಕೆಲವೇ ರೋಗಿಗಳಿಗೆ ಆರೋಗ್ಯವಂತರ ಮಲದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಕೊಟ್ಟು ನೋಡಿ 2017ರಲ್ಲಿ ಪ್ರಕಟಿಸಿದರು. ಇದು ಆಸ್ಪತ್ರೆಯೊಳಗೆ, ಬಹಳ ಎಚ್ಚರದಿಂದ ಮಾಡುವ ಸಂಶೋಧನೆ. ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲಿಗೂ ಇದಕ್ಕೂ ಹೋಲಿಕೆ ಇಲ್ಲ. ಮಂಪರು ಬರುವವರಲ್ಲಿ ಪ್ರೋಬಯಾಟಿಕ್‌ನಿಂದ ಅಲ್ಪಸ್ವಲ್ಪ ಪ್ರಯೋಜನ ಕಂಡ ಪ್ರಯೋಗಗಳು ಇವೆ, ಗಟ್ಟಿಯಾದ ಪುರಾವೆ ಎನ್ನಲು ಆಗದು. ಆ ದುಡ್ಡಿಗೆ ಮೊಟ್ಟೆ ತನ್ನಿ ಅನ್ನುವುದು ನನ್ನ ಸಲಹೆ.

ಕರುಳಿಗೆ ಮನೆಯಲ್ಲೇ ಮಾಡಬಹುದಾದ ಕೆಲಸ ಬೇರೆ ಇದೆ. ಮಲಬದ್ಧತೆ ಆಗಗೊಡಬೇಡಿ. ಮಲ ಕರುಳಿನಲ್ಲಿ ನಿಂತಷ್ಟೂ ಅಮೋನಿಯಾ ಹೆಚ್ಚು. ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟಿದ್ದರೆ ದಿನಕ್ಕೆ ಎರಡು-ಮೂರು ಬಾರಿ ಮೆತ್ತಗೆ ಹೋಗುವಷ್ಟು ಕೊಡಿ. ಬಾಳೆದಿಂಡಿನ ಪಲ್ಯ, ಹರಿವೆ, ಬಸಳೆ ಊಟದಲ್ಲಿರಲಿ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ತಾಜಾ ಮಜ್ಜಿಗೆ ಕೊಡಿ. ಒಂದೆಲಗದ ತಂಬುಳಿ ಉಪ್ಪಿಲ್ಲದೆ ಕೊಟ್ಟರೂ ಮೆಣಸು-ಜೀರಿಗೆಯ ಪರಿಮಳಕ್ಕೆ ಸೇರುತ್ತದೆ. ಪ್ಯಾಂಟೊಪ್ರಜೋಲ್ ನಿಜಕ್ಕೂ ಬೇಕಾ ಎಂದು ವೈದ್ಯರನ್ನು ಕೇಳಿ. ಹೊಟ್ಟೆಯ ಆಮ್ಲ ಕುಗ್ಗಿದರೆ ಬಾಯಿಯ ಬ್ಯಾಕ್ಟೀರಿಯಾಗಳು ಕರುಳಿಗೆ ಸಲೀಸಾಗಿ ಇಳಿಯುತ್ತವೆ, ಹೊಟ್ಟೆ ನೀರಿನ ಸೋಂಕಿನ ಅಪಾಯವೂ ಹೆಚ್ಚುತ್ತದೆ. ಬಾವಿ ನೀರನ್ನು ಕುದಿಸಿ ಆರಿಸಿಯೇ ಕೊಡಿ. ಈ ಲಿವರ್ ಮೇಲೆ ಇನ್ನೊಂದು ವೈರಸ್ ಕಾಮಾಲೆ ಬಿದ್ದರೆ ತಡೆಯುವುದಿಲ್ಲ.

ಹಾಗಾದರೆ ಬಟ್ಟಲಲ್ಲಿ ಏನಿರಬೇಕು? ನಿಮ್ಮ ಅಡುಗೆಮನೆಯದ್ದೇ. ಬೆಳಿಗ್ಗೆ ಅಕ್ಕಿರೊಟ್ಟಿಯೋ ಕಡುಬೋ, ಜೊತೆಗೆ ಮೊಳಕೆ ಹೆಸರುಕಾಳಿನ ಪಲ್ಯ, ಎರಡು ಮೊಟ್ಟೆ. ಹನ್ನೊಂದಕ್ಕೆ ಹಾಲು ಹಾಕಿದ ರಾಗಿ ಅಂಬಲಿ. ಮಧ್ಯಾಹ್ನ ಅನ್ನ, ಹುರುಳಿ ಸಾರು ಅಥವಾ ಮೀನು, ಸೊಪ್ಪು, ಮಜ್ಜಿಗೆ. ಸಂಜೆ ಬೇಯಿಸಿದ ಕಡಲೆ ಉಸ್ಲಿ ಅಥವಾ ಶೇಂಗಾ. ರಾತ್ರಿ ಮತ್ತೆ ಅನ್ನ, ಬೇಳೆ, ಮೊಸರು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಆರೇಳು, 100 ಗ್ರಾಂ ಮೀನಿನಲ್ಲಿ ಹದಿನೆಂಟು-ಇಪ್ಪತ್ತು ಗ್ರಾಂ ಪ್ರೋಟೀನ್. ಕೂಡಿಸುತ್ತಾ ಹೋದರೆ ಎಪ್ಪತ್ತು ತಲುಪುವುದು ಕಷ್ಟವಲ್ಲ. ಏಡಿಯಲ್ಲಿ ಸತು ಚೆನ್ನಾಗಿದೆ. ಚೆನ್ನಾಗಿ ಬೇಯಿಸಿದ ಏಡಿ ಸಾರು ಈ ಕಾಯಿಲೆಗೆ ನಂಜಲ್ಲ ಎಂದು ಅಜ್ಜಿಗೆ ನನ್ನ ಹೆಸರಲ್ಲೇ ಹೇಳಿ. ಎಳ್ಳು, ಕುಂಬಳಬೀಜದಲ್ಲೂ ಸತು, ಮೆಗ್ನೀಷಿಯಂ ಎರಡೂ ಇವೆ.

ಕಾಳುಗಳ ಬಗ್ಗೆ ಒಂದು ಸೂಕ್ಷ್ಮ. ಕಾಳಿನಲ್ಲಿರುವ ಫೈಟೇಟ್ ಸತುವನ್ನೂ ಮೆಗ್ನೀಷಿಯಮನ್ನೂ ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಹುರುಳಿ, ಹೆಸರು, ಕಡಲೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ದೋಸೆ, ಇಡ್ಲಿ ಹಿಟ್ಟು ರಾತ್ರಿಯಿಡೀ ಹುಳಿಬರುವಾಗಲೂ ಇದೇ ಆಗುತ್ತದೆ. ಮೊಳಕೆಯನ್ನು ಹಸಿಯಾಗಿ ಕೊಡಬೇಡಿ, ಬೇಯಿಸಿಯೇ ಕೊಡಿ.

ಮಲಗುವ ಮುಂಚೆ ಹಾಲು-ಅವಲಕ್ಕಿ ತಪ್ಪಿಸಬೇಡಿ. ಗಟ್ಟಿಯಾದ ಲಿವರ್‌ನಲ್ಲಿ ಗ್ಲೈಕೋಜನ್ ದಾಸ್ತಾನು ಬಹಳ ಕಡಿಮೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಖಾಲಿ ಬಿಟ್ಟರೆ, ಆರೋಗ್ಯವಂತರು ಎರಡು-ಮೂರು ದಿನ ಉಪವಾಸ ಇದ್ದಾಗ ಆಗುವಷ್ಟು ಮಾಂಸ ಕರಗುತ್ತದೆ. ಬಟ್ಟಲು ತುಂಬ ಅವಲಕ್ಕಿ, ಹಾಲು, ಬೇಕಿದ್ದರೆ ಸ್ವಲ್ಪ ಬೆಲ್ಲ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬೇಡ. ಈ ಒಂದು ಬಟ್ಟಲು ಭಾವ ತಂದ ಎಲ್ಲ ಡಬ್ಬಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎರಡು ತಿಂಗಳಿಂದ ಗಂಜಿಯಲ್ಲೇ ಇದ್ದವರಿಗೆ ನಾಳೆಯೇ ಬಾಳೆಲೆ ತುಂಬ ಬಡಿಸಬೇಡಿ. ಸೊರಗಿದ ದೇಹಕ್ಕೆ ಒಮ್ಮೆಲೇ ಅನ್ನ ಸಿಕ್ಕಿದರೆ ರಕ್ತದ ರಂಜಕ, ಪೊಟ್ಯಾಸಿಯಂ, ಮೆಗ್ನೀಷಿಯಂ ದಿಢೀರನೆ ಕೋಶಗಳೊಳಗೆ ಸೇರಿ ರಕ್ತದಲ್ಲಿ ಕುಸಿಯುತ್ತವೆ. ಒಂದು ವಾರದಲ್ಲಿ ಹಂತಹಂತವಾಗಿ ಏರಿಸಿ. ಬಿ1 ಮಾತ್ರೆ ಕೊಟ್ಟಿದ್ದಾರೆಯೇ ಎಂದು ಚೀಟಿಯಲ್ಲಿ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ವರ್ಷಗಟ್ಟಲೆ ಕುಡಿದವರಿಗೆ ಅದು ಬೇಕೇ ಬೇಕು.

ಯಾರಾದರೂ ನಾಟಿ ಔಷಧಿ, ಲಿವರ್ ಟಾನಿಕ್ ಹೇಳುತ್ತಾರೆ, ಹೇಳದೆ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಉರಿಯೂತ ಆದವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು, ಆಮೇಲೆ ದೇಶದ ಹಲವು ಕಡೆಯಿಂದ ಅಂಥದ್ದೇ ವರದಿ ಬಂತು. ಗಿಡಮೂಲಿಕೆ ಎಂಬ ಒಂದೇ ಕಾರಣಕ್ಕೆ ಈ ಲಿವರ್ ಮೇಲೆ ಪ್ರಯೋಗ ಬೇಡ. ಕುಡಿತ ಬಿಡಿಸುವ ಪುಡಿಯನ್ನು ಅಪ್ಪನಿಗೆ ತಿಳಿಯದ ಹಾಗೆ ಸಾರಿಗೆ ಬೆರೆಸುವುದಂತೂ ಬೇಡವೇ ಬೇಡ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಲಿವರನ್ನೇ ಕೆಡಿಸಬಲ್ಲದು. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಮೂತ್ರಪಿಂಡಕ್ಕೆ ಪೆಟ್ಟು. ಜ್ವರಕ್ಕೆ ಪ್ಯಾರಾಸಿಟಮಾಲ್ ದಿನಕ್ಕೆ ಎಲ್ಲ ಸೇರಿ ಎರಡು ಗ್ರಾಂ ಒಳಗೆ.

ಕೊಯ್ಲು ಹತ್ತಿರ ಬರುತ್ತಿದೆ, ಕೆಲಸಕ್ಕೆ ಬಂದವರ ಜೊತೆ ಸಂಜೆ ಕೂರುವ ಹಳೆಯ ಅಭ್ಯಾಸ ಕರೆಯುತ್ತದೆ. ಅಪ್ಪನ ಜೊತೆ ಈಗಲೇ ಮಾತಾಡಿ, ಆ ದಿನಗಳಲ್ಲಿ ಚೇಣಿಯವರಿಗೆ (ಫಸಲು ಗುತ್ತಿಗೆ ಹಿಡಿಯುವವರಿಗೆ) ತೋಟ ಒಪ್ಪಿಸಿ ಸಂಜೆ ಮನೆಯಲ್ಲೇ ಇರುವಂತೆ ವ್ಯವಸ್ಥೆ ಮಾಡಿ. ಆಸೆ ತಡೆಯಲು ಕಷ್ಟವಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ತೋರಿಸಿ. ಸಿರೋಸಿಸ್ ಇರುವವರಲ್ಲೂ ಪರೀಕ್ಷಿಸಿ ನೋಡಿದ ಬ್ಯಾಕ್ಲೊಫೆನ್‌ನಂಥ ಮಾತ್ರೆ ಇದೆ, ಆದರೆ ಮಂಪರು ಇದ್ದವರಿಗೆ ಅಪಾಯವಾದ್ದರಿಂದ ವೈದ್ಯರೇ ನಿರ್ಧರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ವೇಳೆ ಮತ್ತೆ ದಿನಾ ಕುಡಿಯಲು ಶುರುಮಾಡಿದರೆ ಕೋಣೆಗೆ ಬೀಗ ಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು-ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು. ಆಸ್ಪತ್ರೆಯಲ್ಲಿ ಬಿಡಿಸಬೇಕು.

ಮುಂದಿನ ಭೇಟಿಗೆ ಹಳೆಯ ವರದಿಗಳ ಜೊತೆ ಭಾವ ತಂದ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಮೇಲೆ ಹೇಳಿದ ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಇವನ್ನು ಚೀಟಿಯಲ್ಲಿ ಬರೆದುಕೊಂಡು ಕೇಳಿ. ಆದರೆ ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಜ್ವರದ ಜೊತೆ ಹೊಟ್ಟೆ ನೋವು, ಮೂತ್ರ ತೀರಾ ಕಡಿಮೆಯಾಗುವುದು, ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಎಚ್ಚರ ಇರುವುದು, ಮಾತು ತೊದಲುವುದು, ಚಾಚಿದ ಅಂಗೈ ಪಟಪಟ ಬಡಿದುಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಗೆ ಕಾಯಬೇಡಿ. ಘಾಟಿಯ ರಸ್ತೆ, ಮಳೆ ಅಂತ ಬೆಳಗಾಗಲಿ ಎನ್ನಬೇಡಿ. 108ಕ್ಕೆ ಕರೆ ಮಾಡಿ ಆ ಹೊತ್ತಿಗೇ ಹೊರಡಿ.